ಗಾಯದ ಲೇಖನ ವಾಪಸ್ ಕಳಿಸುತ್ತಿದ್ದೇನೆ, ಬೇಜಾರಾಗಬೇಡಿ

ನಮಸ್ಕಾರ. ಗಾಯ ಮಾಯುವುದು ಮತ್ತು ಫೈಬ್ರೋಸಿಸ್ (ಅಂಗಾಂಶದಲ್ಲಿ ಕಲೆ ಅತಿಯಾಗಿ ಬೆಳೆದು ಗಟ್ಟಿಯಾಗುವುದು) ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಎಸೆಯುವ ಲೇಖನವೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಸಾಲು ನೋಡಿ: 'ಸಂಯೋಜಕ ಅಂಗಾಂಶದ ಕೋಶಗಳ ಪ್ರಸರಣವು ಬೆಳವಣಿಗೆ ಅಂಶಗಳಿಂದ ನಿಯಂತ್ರಿಸಲ್ಪಡುತ್ತದೆ.' ಮೊಣಕಾಲು ತರಚಿಕೊಂಡವರು ಯಾರೂ ಹೀಗೆ ಮಾತಾಡಲ್ಲ ಅಲ್ವಾ? ಎರಡನೇ ಪುಟದಲ್ಲಿ ಹಕ್ಕಳೆಯ ಮಾತು ಬರುತ್ತದೆ. ಅಲ್ಲಿಂದಲೇ ಶುರು ಮಾಡಿ. ಹೆಪ್ಪುಗಟ್ಟಿದ ರಕ್ತದಲ್ಲಿರುವ ಪ್ಲೇಟ್‌ಲೆಟ್‌ಗಳು ತಮ್ಮೊಳಗಿದ್ದ ಪಿಡಿಜಿಎಫ್, ಟಿಜಿಎಫ್-ಬೀಟಾ ಅನ್ನುವ ಬೆಳವಣಿಗೆ ಅಂಶಗಳನ್ನೆಲ್ಲ ಸುರಿದುಬಿಡುತ್ತವೆ, ಆ ಜಾಡು ಹಿಡಿದು ಅಕ್ಕಪಕ್ಕದ ಫೈಬ್ರೋಬ್ಲಾಸ್ಟ್‌ಗಳು (ನಿಮ್ಮ ಸಂಯೋಜಕ ಅಂಗಾಂಶದ ಕೋಶಗಳು) ಕೆಲವೇ ದಿನಗಳಲ್ಲಿ ಗಾಯದೊಳಕ್ಕೆ ಬಂದು, ಸಂಖ್ಯೆ ಹೆಚ್ಚಿಸಿಕೊಂಡು, ಕೊಲಾಜನ್ ಅನ್ನುವ ನಾರಿನಂಥ ಪ್ರೋಟೀನ್ ಹಾಸಲು ತೊಡಗುತ್ತವೆ.

'ಬೆಳವಣಿಗೆ ಅಂಶ ಅಂದರೆ ಕೋಶಕ್ಕೆ ಟಾನಿಕ್' ಅಂದಿದ್ದೀರಿ. ಹೆಸರು ನೋಡಿ ಮೋಸ ಹೋಗಿದ್ದೀರಿ. ಅದು ಟಾನಿಕ್ ಅಲ್ಲ, ಸಂದೇಶ. ಫೈಬ್ರೋಬ್ಲಾಸ್ಟ್‌ಗೆ ಕೊಲಾಜನ್ ಮಾಡು ಅನ್ನುವ ಅದೇ ಟಿಜಿಎಫ್-ಬೀಟಾ ಚರ್ಮದ ಮೇಲ್ಪದರದ ಕೋಶಕ್ಕೆ ಹೆಚ್ಚಬೇಡ ಅನ್ನುತ್ತದೆ.

ನನ್ನ ದೊಡ್ಡ ತಕರಾರು ಮೂರನೇ ಪುಟದ್ದು. ಅಲ್ಲಿ ಟಿಜಿಎಫ್-ಬೀಟಾವನ್ನು ಖಳನಾಯಕ ಮಾಡಿದ್ದೀರಿ. ಟಿಜಿಎಫ್-ಬೀಟಾ1 ಇಲ್ಲದಂತೆ ಮಾಡಿದ ಇಲಿಗಳು ಹುಟ್ಟಿ ಕೆಲವೇ ವಾರಗಳಲ್ಲಿ ವಿಪರೀತ ಉರಿಯೂತದಿಂದ ಸಾಯುತ್ತವೆ. ಗಾಯದಲ್ಲಿ ಫೈಬ್ರೋಬ್ಲಾಸ್ಟನ್ನು ಮಯೋಫೈಬ್ರೋಬ್ಲಾಸ್ಟ್ ಮಾಡುವುದೂ ಅದೇ. 1971ರಲ್ಲಿ ಗಬ್ಬಿಯಾನಿ ಮತ್ತು ಸಂಗಡಿಗರು ವರ್ಣಿಸಿದ ಈ ಕೋಶ, ಸ್ನಾಯುವಿನಂಥ ಎಳೆಗಳನ್ನು ಬೆಳೆಸಿಕೊಂಡು ಗಾಯದ ಅಂಚುಗಳನ್ನು ಒಳಕ್ಕೆ ಎಳೆಯುತ್ತದೆ. ಗಾಯ ಮುಚ್ಚಿದ ಮೇಲೆ ಇವುಗಳಲ್ಲಿ ಹೆಚ್ಚಿನವು ಸತ್ತು ಖಾಲಿಯಾಗುತ್ತವೆ. ಫೈಬ್ರೋಸಿಸ್‌ನಲ್ಲಿ ಹೋಗುವುದಿಲ್ಲ. ಯಾಕೆ ಹೋಗುವುದಿಲ್ಲ? ನೀವು ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ, ನನಗೆ ಬೇಕಿರುವುದು ಅದೇ.

ಕೋಶಗಳ ಸುತ್ತಲಿನ ಜಾಲದಲ್ಲಿ ಟಿಜಿಎಫ್-ಬೀಟಾ ಪೊಟ್ಟಣ ಕಟ್ಟಿದ ಹಾಗೆ ಬಿದ್ದಿರುತ್ತದೆ, ಸುಮ್ನೆ. ಮಯೋಫೈಬ್ರೋಬ್ಲಾಸ್ಟ್ ಆ ಪೊಟ್ಟಣವನ್ನು ಜಗ್ಗುತ್ತದೆ. ಸುತ್ತಲಿನ ಜಾಲ ಮೆತ್ತಗಿದ್ದರೆ ಪೊಟ್ಟಣವೂ ಜೊತೆಗೇ ಜರುಗುತ್ತದೆ, ಏನೂ ಆಗುವುದಿಲ್ಲ. ಜಾಲ ಬಿರುಸಾಗಿದ್ದರೆ ಅದು ಜಗ್ಗುವುದಿಲ್ಲ, ಪೊಟ್ಟಣ ಬಿಚ್ಚಿಕೊಳ್ಳುತ್ತದೆ, ಒಳಗಿನ ಟಿಜಿಎಫ್-ಬೀಟಾ ಹೊರಬಂದು ಇನ್ನಷ್ಟು ಕೊಲಾಜನ್ ಮಾಡಿಸುತ್ತದೆ, ಜಾಲ ಇನ್ನೂ ಬಿರುಸಾಗುತ್ತದೆ. ಇಷ್ಟನ್ನು ನಿಧಾನವಾಗಿ, ಒಂದಿಡೀ ಪುಟ ಬರೆಯಿರಿ. ಖಳನಾಯಕ ತಾನಾಗೇ ಮಾಯವಾಗುತ್ತಾನೆ.

ಉಳಿದವು ಸಣ್ಣಪುಟ್ಟವು. ಮಾಯ್ದ ಚರ್ಮ 'ಮೊದಲಿಗಿಂತ ಬಲ' ಅನ್ನುವುದು ತಪ್ಪು, ಹೆಚ್ಚೆಂದರೆ ಮೊದಲಿನ ಸುಮಾರು 80 ಪರ್ಸೆಂಟ್ ಬಲ ಬರುತ್ತದೆ. ಬೆಳವಣಿಗೆ ಅಂಶಗಳ ಶೋಧಕ್ಕೆ ಸಿಕ್ಕ 1986ರ ನೊಬೆಲ್ ಬಗೆಗಿನ ಪ್ಯಾರಾ ತೆಗೆಯಿರಿ. ಲೆವಿ-ಮೊಂಟಾಲ್ಚಿನಿ, ಕೋಹೆನ್ ಇಬ್ಬರೂ ದೊಡ್ಡವರೇ, ಆದರೆ ನಿಮ್ಮ ಕಥೆಗೆ ಅವರಿಂದ ಕೆಲಸ ಆಗುತ್ತಿಲ್ಲ. 'ಶೀಘ್ರದಲ್ಲೇ ಔಷಧ ಬರಲಿದೆ' ಅಂತ ಮುಗಿಸಿದ್ದೀರಿ. ಶ್ವಾಸಕೋಶದ ಫೈಬ್ರೋಸಿಸ್‌ಗೆ ಪಿರ್ಫೆನಿಡೋನ್, ನಿಂಟೆಡಾನಿಬ್ ಎರಡಕ್ಕೂ ಅಮೆರಿಕದಲ್ಲಿ 2014ರಲ್ಲೇ ಒಪ್ಪಿಗೆ ಸಿಕ್ಕಿದೆ. ರೋಗದ ಓಟ ನಿಧಾನ ಮಾಡುತ್ತವೆ, ಆಗಿಹೋದ ಕಲೆಯನ್ನು ಅಳಿಸುವುದಿಲ್ಲ. ನಿಂಟೆಡಾನಿಬ್ ಮುಖ್ಯವಾಗಿ ತಡೆಯುವುದು ಪಿಡಿಜಿಎಫ್, ಎಫ್‌ಜಿಎಫ್, ವಿಇಜಿಎಫ್ ಅನ್ನುವ ಬೆಳವಣಿಗೆ ಅಂಶಗಳ ರಿಸೆಪ್ಟರ್‌ಗಳನ್ನು, ಅಂದರೆ ಕೋಶದಲ್ಲಿ ಆ ಸಂದೇಶ ಹಿಡಿಯುವ ಪ್ರೋಟೀನ್‌ಗಳನ್ನು. ನಿಮ್ಮ ಖಳನಾಯಕನ ರಿಸೆಪ್ಟರ್ ಆ ಪಟ್ಟಿಯಲ್ಲಿಲ್ಲ ನೋಡಿ.

ತಿದ್ದಿ ಕಳಿಸಿ, ಅವಸರವಿಲ್ಲ. ಬಾಣಗಳು ಜಾಸ್ತಿಯಾಗಿರುವ ಆ ನಕ್ಷೆ ಮಾತ್ರ ಬೇಡ.