ಐಕ್ಲರ್ ಮನೆ: ಕೊಳ್ಳುವ ಮುನ್ನ ಸೂರು ನೋಡಿ, ಮಾರುವ ಮುನ್ನ ಬಣ್ಣದ ಡಬ್ಬಿ ಮುಚ್ಚಿಡಿ

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯವರು. ಹನ್ನೊಂದು ವರ್ಷಗಳಿಂದ ಕ್ಯಾಲಿಫೋರ್ನಿಯಾದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಕ್ಯುಪರ್ಟಿನೊದ ಫೇರ್‌ಗ್ರೋವ್ ಬಡಾವಣೆಯಲ್ಲಿ 1960ರ ಸುಮಾರಿಗೆ ಕಟ್ಟಿದ ಐಕ್ಲರ್ ಮನೆಯೊಂದು ಮಾರಾಟಕ್ಕೆ ಬಂದಿದೆ. ಬೀದಿಯ ಕಡೆಗೆ ಕಿಟಕಿಗಳೇ ಇಲ್ಲವೆನ್ನಬೇಕು. ಒಳಗೆ ಹೋದರೆ ನಡುವೆ ಆಕಾಶ ಕಾಣುವ ಅಂಗಳ, ಹಿಂಬದಿಯ ಗೋಡೆ ಪೂರ್ತಿ ಗಾಜು. ವಿಡಿಯೊ ಕರೆಯಲ್ಲಿ ನೋಡಿದ ನನ್ನ ತಂದೆ, "ಇದು ನಮ್ಮ ತೊಟ್ಟಿ ಮನೆಯೇ ಅಲ್ಲವೇನೋ!" ಎಂದರು. ನಮ್ಮ ಏಜೆಂಟ್ ಮಾತ್ರ, ಬೆಲೆಯೆಲ್ಲ ನೆಲದ್ದೇ, ಮನೆಯ ಸ್ಥಿತಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ ಎನ್ನುತ್ತಾರೆ. ಮಾರುವವರು ತಾವೇ ಮಾಡಿಸಿದ ತಪಾಸಣೆ ವರದಿಗಳನ್ನು ಕೊಟ್ಟಿದ್ದಾರೆ. ಅವಷ್ಟೇ ಸಾಕೇ?

ಉತ್ತರ: ನಿಮ್ಮ ತಂದೆಯವರ ಮಾತು ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲು ಇರುವುದು ಸೂರಿನಲ್ಲಿ, ನಿಮ್ಮ ಖರ್ಚು ಇರುವುದೂ ಅಲ್ಲಿಯೇ. ತೊಟ್ಟಿ ಮನೆಯ ಇಳಿಜಾರು ಹೆಂಚು ಬಿದ್ದ ಮಳೆಯನ್ನು ಬಿದ್ದ ಕೂಡಲೇ ಕೆಳಗೆ ಕಳಿಸುತ್ತದೆ. ಐಕ್ಲರ್ ಮನೆಯ ಸೂರು ಹೆಚ್ಚುಕಡಿಮೆ ಸಮತಟ್ಟಾದದ್ದರಿಂದ ಅಲ್ಲಿ ನೀರು ಕುಳಿತು, ಯೋಚಿಸಿ, ಆಮೇಲೆ ಹೊರಡುತ್ತದೆ.

ಈ ಮನೆಗಳನ್ನು ಕಟ್ಟಿಸಿದ ಜೋಸೆಫ್ ಐಕ್ಲರ್ ವಾಸ್ತುಶಿಲ್ಪಿಯಾಗಿರಲಿಲ್ಲ. ಬೆಣ್ಣೆ ಮತ್ತು ಮೊಟ್ಟೆಯ ಸಗಟು ವ್ಯಾಪಾರದಲ್ಲಿದ್ದ ಅವರು, ಫ್ರಾಂಕ್ ಲಾಯ್ಡ್ ರೈಟ್ ವಿನ್ಯಾಸಗೊಳಿಸಿದ ಮನೆಯೊಂದರಲ್ಲಿ ಕೆಲಕಾಲ ಬಾಡಿಗೆಗಿದ್ದು, ಆ ಗುಂಗಿನಲ್ಲೇ ಮನೆ ಕಟ್ಟುವ ಉದ್ಯಮಕ್ಕೆ ಇಳಿದರು. ಸಾಧಾರಣ ಸಂಬಳದ ಕುಟುಂಬಗಳಿಗಾಗಿ, ಒಳ್ಳೆಯ ವಾಸ್ತುಶಿಲ್ಪಿಗಳಿಂದ ನಕ್ಷೆ ಬರೆಸಿ, ಹೆಚ್ಚಾಗಿ ಕ್ಯಾಲಿಫೋರ್ನಿಯಾದಲ್ಲೇ ಸುಮಾರು 11,000 ಮನೆಗಳನ್ನು ಕಟ್ಟಿದರು. ಜನಾಂಗ ನೋಡದೆ ಮನೆ ಮಾರಬೇಕೆಂಬ ನೀತಿಯನ್ನು ಮನೆ ನಿರ್ಮಾತೃಗಳ ರಾಷ್ಟ್ರೀಯ ಸಂಘ ಒಪ್ಪದಿದ್ದಾಗ, 1958ರಲ್ಲಿ ಆ ಸಂಘವನ್ನೇ ಬಿಟ್ಟು ಹೊರಬಂದರು. ಮೈಬಣ್ಣದ ಕಾರಣಕ್ಕೆ ಮನೆ ನಿರಾಕರಿಸುವುದು ಮಾಮೂಲಾಗಿದ್ದ ಕಾಲದ ಮಾತು ಇದು. ಇಂದು ಆ ಬಡಾವಣೆಗಳಲ್ಲಿ ನಮ್ಮವರನ್ನು ಕಂಡಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ಈ ಮನೆಗಳಲ್ಲಿ ಮುಚ್ಚಿಡಲು ಜಾಗವಿಲ್ಲ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಕಂಬ ಮತ್ತು ತೊಲೆಗಳ ಮೇಲೆ ಒಂದಕ್ಕೊಂದು ಕಚ್ಚಿಕೊಂಡ ದಪ್ಪ ಹಲಗೆಗಳನ್ನು ಹಾಸಿರುತ್ತಾರೆ. ಕೆಳಗೆ ನಿಂತವರಿಗೆ ಆ ಹಲಗೆಯೇ ಮುಚ್ಚಿಗೆ, ಮೇಲಿನ ಮಳೆಗೆ ಅದೇ ಸೂರಿನ ತಳ, ನಡುವೆ ಅಟ್ಟವಿಲ್ಲ. ಹೀಗಾಗಿ ಉಳಿದ ಮನೆಗಳಲ್ಲಿ ಯಾರ ಕಣ್ಣಿಗೂ ಬೀಳದ ತಪ್ಪು ಇಲ್ಲಿ ನಡುಮನೆಯ ನೆತ್ತಿಯ ಮೇಲೆಯೇ ಕಾಣುತ್ತದೆ. ಸನಿವೇಲ್‌ನ ಒಂದು ಮನೆಯಲ್ಲಿ ಸೂರಿಗೆ ಹೊಸ ಹೊದಿಕೆ ಹಾಕಿದ ಕೆಲಸಗಾರರು ಮಾಮೂಲಿ ಉದ್ದದ ಮೊಳೆಗಳನ್ನೇ ಹೊಡೆದಿದ್ದರು. ಸೋಫಾದ ಮೇಲೆ ಕುಳಿತು ತಲೆಯೆತ್ತಿದರೆ ಹಲಗೆಯನ್ನು ತೂರಿ ಬಂದ ಮೊಳೆತುದಿಗಳ ಸಾಲು, ಹಲಸಿನ ಸಿಪ್ಪೆಯನ್ನು ತಿರುವಿ ಹಾಕಿದ ಹಾಗೆ. ಆದ್ದರಿಂದ ಸೂರಿನ ಹೊದಿಕೆ ಯಾವುದು, ಅದನ್ನು ಹಾಕಿ ಎಷ್ಟು ವರ್ಷವಾಯಿತು, ಸಿಂಪಡಿಸಿ ಗಟ್ಟಿಯಾಗಿಸುವ ಫೋಮ್ ಆಗಿದ್ದರೆ ಮೇಲಿನ ಲೇಪನವನ್ನು ಕಾಲಕಾಲಕ್ಕೆ ಹೊಸದಾಗಿ ಬಳಿಸಿದ್ದಾರೆಯೇ ಎಂದು ರಸೀದಿ ಸಮೇತ ಕೇಳಿ. ಒಳಗಿನ ಹಲಗೆಗಳ ಸಂದುಗಳಲ್ಲಿ ಕಂದು ಕಲೆಗಳಿದ್ದರೆ, ಅವು ಹಳೆಯ ಸೋರಿಕೆಯವೋ ಕಳೆದ ಚಳಿಗಾಲದವೋ ಎಂಬುದನ್ನು ಸೂರಿನ ಕೆಲಸ ಬಲ್ಲವರೇ ಹೇಳಬೇಕು. ತೊಲೆಗಳು ಗೋಡೆ ದಾಟಿ ಹೊರಗೆ ಚಾಚಿರುವ ತುದಿಗಳನ್ನು ಸ್ಕ್ರೂಡ್ರೈವರ್‌ನಿಂದ ಮೆಲ್ಲಗೆ ಒತ್ತಿ ನೋಡಲು ತಪಾಸಣೆಯವರಿಗೆ ಹೇಳಿ. ಮೇಲೆ ಹೊಸ ಬಣ್ಣವಿದ್ದು ಒಳಗೆ ಮರ ಬೂದಿಯಂತಾಗಿರುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ.

ಎರಡನೆಯದು ನೆಲ. ಈ ಮನೆಗಳನ್ನು ಬೆಚ್ಚಗಿಡಲು ಕಾಂಕ್ರೀಟ್ ಹಾಸಿನ ಒಳಗೇ ಬಿಸಿನೀರಿನ ಕೊಳವೆಗಳನ್ನು ಹುದುಗಿಸಿದ್ದಾರೆ. 1950ರ ದಶಕದ ಮೊದಲರ್ಧದಲ್ಲಿ, ಕೊರಿಯಾ ಯುದ್ಧದಿಂದ ತಾಮ್ರದ ಅಭಾವವಾಗಿ, ಉಕ್ಕಿನ ಕೊಳವೆ ಬಳಸಿದ ಮನೆಗಳಿವೆ. ಅವು ತುಕ್ಕು ಹಿಡಿದು ಹೆಚ್ಚು ಕಾಟ ಕೊಡುತ್ತವೆ. ನೀವು ಹೇಳುವ ಕಾಲದ ಮನೆಯಲ್ಲಿ ತಾಮ್ರವೇ ಇರುವ ಸಂಭವ ಹೆಚ್ಚು, ಆದರೂ ಅರವತ್ತು ದಾಟಿದ ತಾಮ್ರವನ್ನು ಕಣ್ಣು ಮುಚ್ಚಿ ನಂಬಬಾರದು. ಮಾಮೂಲಿ ತಪಾಸಣೆಯವರು ಬಾಯ್ಲರ್ ಹೊತ್ತಿಕೊಳ್ಳುವುದನ್ನು ನೋಡಿ ಸುಮ್ಮನಾಗುತ್ತಾರೆ. ಇದಕ್ಕೆಂದೇ ಇರುವ ಕೆಲಸಗಾರರಿಂದ ಒತ್ತಡ ಪರೀಕ್ಷೆ ಮಾಡಿಸಿ. ಬಾಯ್ಲರ್ ಹಚ್ಚಿಸಿ, ಒಂದೆರಡು ಗಂಟೆ ಕಳೆದ ಮೇಲೆ ನೀವೇ ಬರಿಗಾಲಲ್ಲಿ ಎಲ್ಲ ಕೋಣೆಗಳಲ್ಲಿ ಅಡ್ಡಾಡಿ. ತಣ್ಣಗಿರುವ ಕೋಣೆಯೂ ಅನುಮಾನಕ್ಕೆ ಕಾರಣ, ಅತಿ ಬಿಸಿಯಾದ ಒಂದೇ ಚುಕ್ಕೆಯೂ ಕಾರಣ. ಒಂದು ಮನೆಯಲ್ಲಿ ಬೆಕ್ಕು ಊಟದ ಮೇಜಿನ ಕೆಳಗಿನ ಒಂದೇ ಜಾಗ ಬಿಟ್ಟು ಏಳುತ್ತಿರಲಿಲ್ಲ. ಸೋರುತ್ತಿದ್ದುದು ಸರಿಯಾಗಿ ಅದರ ಕೆಳಗೆ. ಸೋರಿಕೆ ಒಂದೇ ಕಡೆ ಇದ್ದರೆ ಶಾಖ ತೋರಿಸುವ ಕ್ಯಾಮೆರಾದಿಂದ ಜಾಗ ಹಿಡಿದು, ಅಷ್ಟೇ ನೆಲ ಒಡೆದು ಬೆಸುಗೆ ಹಾಕಬಹುದು. ಮನೆಯೆಲ್ಲ ಜರ್ಜರಿತವಾಗಿದ್ದರೆ ಬೇರೆ ತಾಪನ ವ್ಯವಸ್ಥೆಯ ಖರ್ಚನ್ನು ಈಗಲೇ ಲೆಕ್ಕಕ್ಕೆ ಹಿಡಿಯಬೇಕು. ನೆಲಕ್ಕೆ ಮೂಲ ಟೈಲ್‌ಗಳೇ ಇದ್ದರೆ ಅವುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಪರೀಕ್ಷೆಯಿಲ್ಲದೆ ಕೀಳಿಸಬೇಡಿ.

ಒಂಟಿ ಪದರದ ಹಳೆಯ ಗಾಜು, ಚಿಕ್ಕ ವಿದ್ಯುತ್ ಪ್ಯಾನೆಲ್, ಚರಂಡಿ ಕೊಳವೆ ಇವುಗಳೂ ಇವೆ. ಕೊಳವೆಗೆ ಕ್ಯಾಮೆರಾ ಇಳಿಸಿ ನೋಡಿಸಿ. ಮಾರುವವರು ಕೊಟ್ಟ ವರದಿಗಳನ್ನು ತಳ್ಳಿಹಾಕಬೇಡಿ, ಆದರೆ ದಿನಾಂಕ ನೋಡಿ, ಬರೆದವರಿಗೆ ಶುಲ್ಕ ಕೊಟ್ಟಾದರೂ ಮನೆಯಲ್ಲೇ ನಿಂತು ವಿವರಿಸಲು ಹೇಳಿ. ನೆಲದ್ದೇ ಬೆಲೆ ಎಂಬ ಏಜೆಂಟರ ಮಾತು ಕ್ಯುಪರ್ಟಿನೊದಲ್ಲಿ ಲೆಕ್ಕಕ್ಕೆ ನಿಜವಿರಬಹುದು, ಆದರೆ ಸೋರುವ ಸೂರನ್ನು ನೆಲ ದುರಸ್ತಿ ಮಾಡಿಕೊಡುವುದಿಲ್ಲ.

ಕೊನೆಗೆ ಎರಡು ಮಾತು. ಪಕ್ಕದ ಮನೆಯವರು ಕಟ್ಟುವ ಆಸ್ತಿ ತೆರಿಗೆಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಡಿ. ಪ್ರೊಪೊಸಿಷನ್ 13 ಎಂಬ 1978ರ ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ ತೆರಿಗೆಯ ಮೂಲ ದರ ಕೊಂಡ ಬೆಲೆಯ ಶೇ. 1ರ ಸುತ್ತಮುತ್ತ ಇದ್ದು, ಆ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಹೀಗಾಗಿ ಅವರದು ಅವರು ಕೊಂಡ ಕಾಲದ ಲೆಕ್ಕ, ನಿಮ್ಮದು ನೀವು ಕೊಳ್ಳುವ ದಿನದ ಲೆಕ್ಕ. ಮುಂದೆ ಮೇಲೊಂದು ಅಂತಸ್ತು ಕಟ್ಟುವ ಆಸೆಯಿದ್ದರೆ ಆಫರ್ ಬರೆಯುವ ಮೊದಲೇ ನಗರಸಭೆಯ ಯೋಜನಾ ವಿಭಾಗಕ್ಕೆ ಹೋಗಿ ಬನ್ನಿ. ಫೇರ್‌ಗ್ರೋವ್‌ಗೆ ಐಕ್ಲರ್ ಮನೆಗಳಿಗಾಗಿಯೇ ಪ್ರತ್ಯೇಕ ವಲಯದ ನಿಯಮಗಳಿವೆ. ಸನಿವೇಲ್ ಮತ್ತು ಪಾಲೊ ಆಲ್ಟೊಗಳ ಕೆಲವು ಐಕ್ಲರ್ ಬಡಾವಣೆಗಳಲ್ಲಿ ಒಂದೇ ಅಂತಸ್ತು ಎಂಬ ಕಟ್ಟುಪಾಡೂ ಇದೆ. ಹಿತ್ತಲಿನ ಗಾಜಿನ ಗೋಡೆಯ ಮನೆಗೆ ಪಕ್ಕದವರ ಮಹಡಿ ಕಿಟಕಿ ಎಷ್ಟು ಇರುಸುಮುರುಸೆಂದು, ಅಲ್ಲಿ ಒಂದು ಸಂಜೆ ಕಳೆದರೆ ನಿಮಗೇ ಅರ್ಥವಾಗುತ್ತದೆ.

ಪ್ರಶ್ನೆ: 1988ರಲ್ಲಿ ಸನಿವೇಲ್‌ನಲ್ಲಿ ಕೊಂಡ ನಮ್ಮ ಐಕ್ಲರ್ ಮನೆಯನ್ನು ಮಾರಿ, ಮೈಸೂರಿಗೆ ಮರಳುವ ಯೋಚನೆಯಲ್ಲಿದ್ದೇವೆ. ಇಬ್ಬರಿಗೂ ಗ್ರೀನ್ ಕಾರ್ಡ್ ಇದೆ. ಗೋಡೆಯ ಮರದ ಹಲಗೆಗಳಿಗೆ ಬಿಳಿ ಬಣ್ಣ ಬಳಿದು, ಮುಚ್ಚಿಗೆಯಲ್ಲಿ ಹೊಸ ದೀಪಗಳನ್ನು ಹುದುಗಿಸಿದರೆ ಬೆಲೆ ಏರುತ್ತದೆ ಎಂದು ಸಲಹೆ ಬಂದಿದೆ. ಹೊರಡುವ ಮೊದಲೇ ಮಾರಬೇಕೇ, ಬಾಡಿಗೆಗೆ ಕೊಟ್ಟು ಆಮೇಲೆ ಮಾರಬಹುದೇ?

ಉತ್ತರ: ಬಣ್ಣದ ಡಬ್ಬಿಯನ್ನು ದಯವಿಟ್ಟು ತೆರೆಯಬೇಡಿ. ಐಕ್ಲರ್ ಮನೆಗಳನ್ನೇ ಹುಡುಕಿಕೊಂಡು ಬರುವವರು ಒಂದು ವರ್ಗ. ಅವರು ಮೊದಲು ಮುಟ್ಟಿ ನೋಡುವುದು ಆ ಮಹಾಗನಿ ಹಲಗೆಯನ್ನು. ಬಿಳಿ ಬಳಿದ ಹಲಗೆಯನ್ನು ಮತ್ತೆ ಮರವಾಗಿಸುವುದು ಬಹಳ ಕಷ್ಟ, ಒಣಗಿದ ಹಲಗೆಗೆ ಎಣ್ಣೆ ಹಚ್ಚಿ ಹೊಳಪು ತರಿಸುವುದು ಒಂದು ವಾರದ ಕೆಲಸ. ದೀಪ ಹುದುಗಿಸಲು ಅಟ್ಟವೇ ಇಲ್ಲವೆಂದು ಮೇಲೆ ಹೇಳಿದ್ದೇನೆ. ಹುದುಗಿಸಲೇಬೇಕೆಂದರೆ ಸುಳ್ಳು ಮುಚ್ಚಿಗೆ ಕಟ್ಟಿ ತೊಲೆಗಳನ್ನು ಮುಚ್ಚಬೇಕಾಗುತ್ತದೆ, ಅಂದರೆ ಹಣ ಕೊಟ್ಟು ಬೆಲೆ ಇಳಿಸಿಕೊಂಡಂತೆ. ಆ ಹಣದಲ್ಲಿ ಸೂರಿನ ದುರಸ್ತಿ ಮಾಡಿಸಿ, ನೆಲದ ಕೊಳವೆಗಳ ಒತ್ತಡ ಪರೀಕ್ಷೆಯ ವರದಿ ಪಡೆದು ಮಾರಾಟದ ಕಾಗದಗಳ ಜೊತೆ ಇಡಿ, ಗಾಜುಗಳನ್ನು ತೊಳೆಸಿ, ಅರ್ಧಕ್ಕರ್ಧ ಪೀಠೋಪಕರಣಗಳನ್ನು ಸಾಗಿಸಿ. ನೀವು ಕಂಡ ಸೋರಿಕೆಗಳನ್ನೆಲ್ಲ, ಮನೆಯ ದೋಷಗಳನ್ನು ಕೊಳ್ಳುವವರಿಗೆ ತಿಳಿಸುವ ಪ್ರಕಟಣಾ ಪತ್ರದಲ್ಲಿ ಬಿಡದೆ ಬರೆಯಿರಿ. ಮುಚ್ಚಿಟ್ಟ ಸೋರಿಕೆ ಮಾರಾಟ ಮುಗಿದ ಮೇಲೂ ನ್ಯಾಯಾಲಯದ ಕಾಗದವಾಗಿ ನಿಮ್ಮ ಮೈಸೂರಿನ ಬಾಗಿಲಿಗೆ ಬರಬಹುದು.

ಹೊರಡುವ ಮೊದಲೇ ಮಾರುವುದು ಮೇಲು ಎಂದು ನನ್ನ ಅಭಿಪ್ರಾಯ. ಮಾರಾಟಕ್ಕೆ ಹಿಂದಿನ ಐದು ವರ್ಷಗಳಲ್ಲಿ ಒಟ್ಟು ಎರಡು ವರ್ಷ ಅದು ನಿಮ್ಮ ಮುಖ್ಯ ವಾಸದ ಮನೆಯಾಗಿದ್ದರೆ, ಜಂಟಿ ತೆರಿಗೆ ವಿವರ ಸಲ್ಲಿಸುವ ದಂಪತಿಗೆ 5,00,000 ಡಾಲರ್‌ವರೆಗಿನ ಲಾಭಕ್ಕೆ ಫೆಡರಲ್ ತೆರಿಗೆಯಿಲ್ಲ. ಬಾಡಿಗೆಗೆ ಕೊಟ್ಟು ಮೂರು ವರ್ಷ ದಾಟಿಸಿದರೆ ಈ ವಿನಾಯಿತಿ ಕೈತಪ್ಪುತ್ತದೆ. 1988ರಲ್ಲಿ ಕೊಂಡ ಮನೆಯ ಲಾಭ ಆ ಮಿತಿಯನ್ನು ದಾಟುವುದು ಬಹುತೇಕ ಖಚಿತವಾದ್ದರಿಂದ, ಸೂರು ಬದಲಿಸಿದ್ದು, ಅಡುಗೆಮನೆ ಹೊಸದಾಗಿ ಕಟ್ಟಿಸಿದ್ದು, ಎಲ್ಲದರ ಹಳೆಯ ರಸೀದಿಗಳನ್ನು ಹುಡುಕಿ ತೆಗೆಯಿರಿ. ಅಂಥ ಸುಧಾರಣೆಗಳ ವೆಚ್ಚವನ್ನು ಕೊಂಡ ಬೆಲೆಗೆ ಸೇರಿಸಿದಷ್ಟೂ ತೆರಿಗೆಗೆ ಒಳಪಡುವ ಲಾಭ ಕುಗ್ಗುತ್ತದೆ. ಗ್ರೀನ್ ಕಾರ್ಡ್ ಹಿಂತಿರುಗಿಸಿ, ಅಮೆರಿಕದ ತೆರಿಗೆ ಲೆಕ್ಕದಲ್ಲಿ ಅನಿವಾಸಿಯಾದ ಮೇಲೆ ಮಾರಿದರೆ, ಕೊಳ್ಳುವವರು ಸಾಮಾನ್ಯವಾಗಿ ಮಾರಾಟ ಬೆಲೆಯ ಶೇ. 15ನ್ನು ಹಿಡಿದು ಅಮೆರಿಕದ ತೆರಿಗೆ ಇಲಾಖೆಗೆ ಕಟ್ಟಬೇಕಾಗುತ್ತದೆ. ಗಮನಿಸಿ, ಲಾಭದ ಶೇ. 15 ಅಲ್ಲ, ಬೆಲೆಯ ಶೇ. 15. ಅದು ಅಂತಿಮ ತೆರಿಗೆಯಲ್ಲ, ವಿವರ ಸಲ್ಲಿಸಿ ಹೆಚ್ಚಿನದನ್ನು ಹಿಂಪಡೆಯಬಹುದು, ಆದರೆ ಅಲ್ಲಿಯವರೆಗೆ ಹಣ ಕೈಯಲ್ಲಿರುವುದಿಲ್ಲ. ಭಾರತದಲ್ಲಿ ನಿಮ್ಮ ನಿವಾಸಿ ಸ್ಥಾನ ಯಾವ ವರ್ಷ ಬದಲಾಗುತ್ತದೆ ಎಂಬುದನ್ನು ಟಿಕೆಟ್ ಕೊಳ್ಳುವ ಮೊದಲೇ ಎರಡೂ ದೇಶಗಳ ಲೆಕ್ಕಪರಿಶೋಧಕರನ್ನು ಕೂಡಿಸಿ ಕೇಳಿ.

ಪ್ರಶ್ನೆ: ನಮ್ಮ ಐಕ್ಲರ್ ಮನೆಯ ಅಂಗಳಕ್ಕೆ ಗಾಜಿನ ಸೂರು ಹಾಕಿಸಿ ಒಳಗೆ ಸೇರಿಸಿಕೊಳ್ಳಬಹುದೇ? ಮನೆಯ ನಡುಭಾಗ ತೆರೆದಿರಬೇಕೆಂದು ಊರಿನಲ್ಲಿ ಹಿರಿಯರು ಹೇಳುತ್ತಾರೆ.

ಉತ್ತರ: ಈ ವಿಷಯದಲ್ಲಿ ನಗರಸಭೆಯ ನಿಯಮವೂ ನಿಮ್ಮ ಹಿರಿಯರ ಕಡೆಗೇ ವಾಲುತ್ತದೆ. ಅಂಗಳವನ್ನು ಮುಚ್ಚಿದರೆ ಅದು ವಾಸದ ವಿಸ್ತೀರ್ಣವಾಗಿ ಎಣಿಕೆಗೆ ಬರಬಹುದು. ಮಲಗುವ ಕೋಣೆಯ ಕಿಟಕಿ ಅಂಗಳಕ್ಕೆ ಮಾತ್ರ ತೆರೆಯುವಂತಿದ್ದರೆ, ಬೆಂಕಿ ಬಿದ್ದಾಗ ಪಾರಾಗುವ ದಾರಿಯೇ ಮುಚ್ಚಿಹೋಗುತ್ತದೆ. ಪರವಾನಗಿಯಿಲ್ಲದೆ ಮುಚ್ಚಿಸಿದವರು ಮಾರುವಾಗ ಅದನ್ನು ಕಿತ್ತದ್ದನ್ನೂ ಕಂಡಿದ್ದೇನೆ. ಸದ್ಯಕ್ಕೆ ಅಂಗಳದಲ್ಲಿ ಮಳೆನೀರು ಇಳಿಯುವ ಜಾಲರಿಯ ಮೇಲೆ ಕುಳಿತಿರುವ ಹೂಕುಂಡವನ್ನು ಪಕ್ಕಕ್ಕೆ ಸರಿಸಿ, ಒಂದು ಬಕೆಟ್ ನೀರು ಸುರಿದು, ಅದು ಎಷ್ಟು ಹೊತ್ತಿನಲ್ಲಿ ಇಳಿಯುತ್ತದೆ ನೋಡಿ. ನವೆಂಬರ್ ಮಳೆಗೆ ಮುಂಚೆ ಮಾಡಬೇಕಾದ ಕೆಲಸ ಅದು.