ಗಸಿ ಕಂಡ ಕೂಡಲೇ ಚೆಲ್ಲಬೇಡಿ

ದಕ್ಷಿಣ ಫ್ರಾನ್ಸಿನ ಕೊರ್ಬಿಯೇರ್‌ನ ಸಣ್ಣ ಸಾವಯವ ತೋಟದ ಕೆಂಪು ವೈನ್ ತಂದಿದ್ದೀರಿ, ತಳದಲ್ಲಿ ಗಸಿ ಕೂತಿದೆ, ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಗಸಿ ಇದ್ದ ಮಾತ್ರಕ್ಕೆ ಕೆಟ್ಟಿದೆ ಅಂತಲ್ಲ. ಸಣ್ಣ ತೋಟದವರು ಎಷ್ಟೋ ಸಲ ಸೋಸದೆಯೇ ತುಂಬುತ್ತಾರೆ. ಬಣ್ಣ, ಒಗರು ಕೊಡುವ ಟ್ಯಾನಿನ್ ನಿಧಾನಕ್ಕೆ ಗಂಟುಕಟ್ಟಿ ಕೆಳಗೆ ಕೂರುತ್ತವೆ. ಕಾರ್ಕಿಗೆ ಮಿಣಮಿಣ ಹರಳು ಅಂಟಿದ್ದರೆ ಅದು ಟಾರ್ಟಾರಿಕ್ ಆಮ್ಲದ ಲವಣ, ಗಾಜಿನ ಚೂರಲ್ಲ!

ಹಿಂದಿನ ದಿನವೇ ಬಾಟಲಿ ನೆಟ್ಟಗೆ ನಿಲ್ಲಿಸಿಡಿ. ಆಮೇಲೆ ತಿಳಿಸಾರು ಬಗ್ಗಿಸಿದ ಹಾಗೆ, ಅಲುಗಾಡಿಸದೆ ಜಗ್‌ಗೆ ಸುರಿಯಿರಿ. ಬಾಟಲಿಯ ಕತ್ತಿನ ಹಿಂದೆ ಟಾರ್ಚ್ ಹಿಡಿದರೆ ಕಪ್ಪು ಎಳೆ ಬರುವುದು ಕಾಣುತ್ತದೆ. ಅಲ್ಲಿಗೆ ನಿಲ್ಲಿಸಿ. ನಾನೊಮ್ಮೆ ಆತುರಪಟ್ಟು, ಕೊನೆಯ ಲೋಟ ಕಾಫಿ ಚರಟ ಅಗಿದ ಹಾಗಾಗಿತ್ತು.

ಕೊರ್ಬಿಯೇರ್‌ನ ಬ್ಲೆಂಡಿನಲ್ಲಿ ಸಾಮಾನ್ಯವಾಗಿ ಕಾರಿನ್ಯಾನ್, ಗ್ರೆನಾಶ್, ಸಿರಾ ಅನ್ನೋ ದ್ರಾಕ್ಷಿ ತಳಿಗಳು ಇರುತ್ತವೆ. ಕಾರಿನ್ಯಾನ್ ಹುಳಿ ಕೊಡುತ್ತದೆ, ಗ್ರೆನಾಶ್ ಹಣ್ಣಿನ ರುಚಿ, ಸಿರಾ ಕರಿಮೆಣಸಿನ ಘಾಟು.

ಅಂದಹಾಗೆ, ಸಾವಯವ ಅಂದ್ರೆ ವೈನ್ ಕೆಡದಂತೆ ಹಾಕುವ ಸಲ್ಫೈಟ್ ಇಲ್ಲವೇ ಇಲ್ಲ ಅಂತಲ್ಲ. ಯುರೋಪಿನ ನಿಯಮದಲ್ಲಿ ಸಿಹಿಯಿಲ್ಲದ ಸಾವಯವ ಕೆಂಪು ವೈನಿಗೆ ಲೀಟರಿಗೆ 100 ಮಿ.ಗ್ರಾಂ ಮಿತಿ. ಮಾಮೂಲಿ ಕೆಂಪು ವೈನಿಗೆ 150. ಸಲ್ಫೈಟ್ ಕಡಿಮೆ ಇರುವುದರಿಂದ ಬಾಟಲಿಯನ್ನು ಸೆಖೆಯ ಅಡುಗೆಮನೆಯಲ್ಲಂತೂ ಇಡಬೇಡಿ. ವಿನೆಗರ್ ಅಥವಾ ಒದ್ದೆ ರಟ್ಟಿನ ವಾಸನೆ ಮೂಗಿಗೆ ಹೊಡೆದರೆ ಮಾತ್ರ ಸಿಂಕಿಗೆ ಸುರಿಯಿರಿ.