ಜ್ವರ ಬಿಟ್ಟರೂ ಗಂಟು ಬಿಡದ ಚಿಕೂನ್‌ಗುನ್ಯಾ

ಪ್ರಶ್ನೆ: ಅಮ್ಮನಿಗೆ 52 ವರ್ಷ. ಚಿಕೂನ್‌ಗುನ್ಯಾ ಜ್ವರ ನಾಲ್ಕೇ ದಿನಕ್ಕೆ ಇಳಿಯಿತು. ಐದು ವಾರವಾದರೂ ಬೆಳಿಗ್ಗೆ ಮಣಿಕಟ್ಟು, ಕಾಲಿನ ಗಂಟು ಬಿಗಿದುಕೊಂಡು ಚೊಂಬು ಎತ್ತಲೂ ಆಗುವುದಿಲ್ಲ. ಮೂಗಿನ ಮೇಲೆ ಕಪ್ಪು ಬೇರೆ. ಊರಲ್ಲಿ ಒಂದು ಇಂಜೆಕ್ಷನ್ ಕೊಡುತ್ತಾರೆ, ಎರಡು ದಿನ ಆರಾಮ. ಹಾಕಿಸುತ್ತಾ ಹೋಗಬಹುದೇ?
— ಓದುಗರು, ಚಿತ್ರದುರ್ಗ

ಉತ್ತರ: ಬೇಡ. ಮೊದಲು ಆ ಇಂಜೆಕ್ಷನ್ ಹೆಸರನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಅದು ಸ್ಟೀರಾಯ್ಡ್ ಆಗಿದ್ದರೆ ಬಾವು ಬೇಗ ಇಳಿದು, ಮದ್ದಿನ ಪ್ರಭಾವ ಮುಗಿದೊಡನೆ ಮರಳಿ ಬರುತ್ತದೆ; ನಡುವೆ ಸಕ್ಕರೆ, ಬಿ.ಪಿ. ಏರುತ್ತವೆ. ಡೆಂಗಿ ಇಲ್ಲವೆಂದು ಖಾತ್ರಿಯಾದ ಮೇಲೆ ನೋವು ನಿವಾರಕ ಮಾತ್ರೆಯನ್ನು ಊಟದ ನಂತರ, ವೈದ್ಯರು ಹೇಳಿದಷ್ಟು ದಿನ ಕೊಡಬಹುದು. ಮೂತ್ರಪಿಂಡದ ತೊಂದರೆ, ಹೊಟ್ಟೆ ಹುಣ್ಣು ಇದ್ದವರಿಗೆ ಅದೂ ಸಲ್ಲ. ಗಂಟನ್ನು ಅಲುಗಾಡಿಸದೆ ಇಟ್ಟರೆ ಬಿಗಿತ ಹೆಚ್ಚುತ್ತದೆ. ಬೆರಳು ಮಡಿಸಿ ಬಿಡಿಸುವುದು, ಮಣಿಕಟ್ಟು ತಿರುಗಿಸುವುದು ಹತ್ತತ್ತು ಸಲದಂತೆ ದಿನಕ್ಕೆ ಮೂರು ಹೊತ್ತು ಮಾಡಿಸಿ. ನೀರು ತುಂಬಿದ ಕೊಡ ಮಾತ್ರ ಸದ್ಯಕ್ಕೆ ಎತ್ತಿಸಬೇಡಿ. 45 ದಾಟಿದವರಲ್ಲಿ, ಮೊದಲೇ ಗಂಟುನೋವಿದ್ದವರಲ್ಲಿ ಇದು ತಿಂಗಳುಗಟ್ಟಲೆ ಎಳೆಯುವುದುಂಟು. ಮೂರು ತಿಂಗಳಾದರೂ ಬಾವು ಇಳಿಯದಿದ್ದರೆ ಸಂಧಿವಾತ ತಜ್ಞರಿಗೆ ತೋರಿಸಿ. ಮೂಗಿನ ಕಪ್ಪು ಈ ಜ್ವರದ್ದೇ ಗುರುತು, ತಾನಾಗಿ ಮಾಸುತ್ತದೆ. ಕ್ರೀಮಿಗೆ ದುಡ್ಡು ಸುರಿಯಬೇಡಿ.

ಪ್ರಶ್ನೆ: ಜ್ವರದ ಎರಡನೇ ದಿನ ಪರೀಕ್ಷೆ ಮಾಡಿಸಿದಾಗ ನೆಗೆಟಿವ್, ವಾರದ ಮೇಲೆ ಪಾಸಿಟಿವ್. ಲ್ಯಾಬಿನವರ ತಪ್ಪೇ?
— ಓದುಗರು, ತುಮಕೂರು

ಉತ್ತರ: ತಪ್ಪು ದಿನದ್ದು. ಐಜಿಎಂ ಪರೀಕ್ಷೆ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು. ಅದು ಕಾಣಿಸಿಕೊಳ್ಳಲು ಸುಮಾರು ಐದು ದಿನ ಬೇಕು. ಮೊದಲ ವಾರದಲ್ಲಿ ವೈರಸ್ಸನ್ನೇ ಹುಡುಕುವ ಆರ್‌ಟಿ-ಪಿಸಿಆರ್ ಸರಿ. ಜೊತೆಗೆ ಡೆಂಗಿಗಾಗಿ ಎನ್‌ಎಸ್1 ಎಂಬ ರಕ್ತಪರೀಕ್ಷೆ ಮಾಡಿಸಲೇಬೇಕು. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಕುಸಿದಿರುವಾಗ ಆಸ್ಪಿರಿನ್, ಡೈಕ್ಲೋಫೆನಾಕ್‌ನಂಥ ನೋವು ನಿವಾರಕ ನುಂಗಿದರೆ ರಕ್ತಸ್ರಾವದ ಅಪಾಯ. ಹಾಗಾಗಿ ಡೆಂಗಿ ಇಲ್ಲವೆಂದು ಖಾತ್ರಿಯಾಗುವತನಕ ಪ್ಯಾರಸಿಟಮಾಲ್ ಮಾತ್ರ: ದೊಡ್ಡವರಿಗೆ 650 ಮಿ.ಗ್ರಾಂ., ಆರು ಗಂಟೆಗೊಂದು, ದಿನಕ್ಕೆ ನಾಲ್ಕು ದಾಟದಂತೆ. ಅನೇಕ ನೆಗಡಿ ಮಾತ್ರೆಗಳಲ್ಲೂ ಇದೇ ಮದ್ದು ಅಡಗಿರುತ್ತದೆ, ಎರಡನ್ನೂ ಒಟ್ಟಿಗೆ ನುಂಗಿದರೆ ಲೆಕ್ಕ ತಪ್ಪುತ್ತದೆ. ಪಿತ್ತಜನಕಾಂಗದ ತೊಂದರೆಯಿದ್ದವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಹೆರಿಗೆ ಹತ್ತಿರವಿರುವಾಗ ಈ ಜ್ವರ ಬಂದರೆ ಆಸ್ಪತ್ರೆಯಲ್ಲೇ ಇರಿ, ಮಗುವಿಗೆ ಸೋಂಕು ತಗಲುವ ಸಾಧ್ಯತೆ ಹೆಚ್ಚು. ಎದೆಹಾಲು ನಿಲ್ಲಿಸಬೇಕಿಲ್ಲ.

ಪ್ರಶ್ನೆ: ವಾರಕ್ಕೊಮ್ಮೆ ಡ್ರಮ್ ಖಾಲಿ ಮಾಡಿ ತುಂಬುತ್ತೇವೆ. ಆದರೂ ಸೊಳ್ಳೆಮರಿ ಹುಳು. ಎಲ್ಲಿಂದ ಬರುತ್ತವೆ?
— ಓದುಗರು, ಸುಳ್ಯ

ಉತ್ತರ: ಡ್ರಮ್ಮಿನ ಗೋಡೆಯಿಂದ. ಚಿಕೂನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ನೀರಿನ ಗೆರೆಗಿಂತ ತುಸು ಮೇಲೆ, ಒದ್ದೆ ಗೋಡೆಗೆ ಅಂಟಿಸಿ. ಟಾರ್ಚ್ ಹಿಡಿದು ನೋಡಿ: ಮಸಿಯ ಚುಕ್ಕೆಯಂತೆ, ಮಿಲಿಮೀಟರಿಗೂ ಕಡಿಮೆ. ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ, ನೀರು ತಾಗಿದೊಡನೆ ಒಡೆಯುತ್ತವೆ. ನೀವು ಚೆಲ್ಲಿದ್ದು ನೀರನ್ನು ಮಾತ್ರ. ತೆಂಗಿನ ನಾರಿಗೆ ಸೋಪಿನ ಪುಡಿ ಹಾಕಿ ಒಳಗೋಡೆಯನ್ನು, ಮುಖ್ಯವಾಗಿ ಹಳೆಯ ನೀರಿನ ಗೆರೆಯನ್ನು, ಗಸಗಸ ಉಜ್ಜಿ ತೊಳೆದು, ಬೋರಲು ಹಾಕಿ ಒಣಗಿಸಿ. ತುಂಬಿದ ಮೇಲೆ ಬಟ್ಟೆ ಬಿಗಿದು ಕಟ್ಟಿ. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು, ಹಾಗಾಗಿ ವಾರ ತಪ್ಪಬಾರದು.

ನಿಮ್ಮ ಕಡೆ ಡ್ರಮ್ಮಿಗಿಂತ ತೋಟ ದೊಡ್ಡ ತಲೆನೋವು. ಬಿದ್ದ ಅಡಿಕೆ ಹಾಳೆ, ಗೆರಟೆ, ರಬ್ಬರ್ ಹಾಲು ಇಳಿಸುವುದು (ಟ್ಯಾಪಿಂಗ್) ನಿಂತಾಗ ಮರದಲ್ಲೇ ಉಳಿದ ಹಾಲಿನ ಬಟ್ಟಲು, ಎಲ್ಲದರಲ್ಲೂ ಮಳೆನೀರು. ಇಲ್ಲಿ ಬೆಳೆಯುವುದು ತೋಟದ ತಳಿ, ಈಡಿಸ್ ಆಲ್ಬೊಪಿಕ್ಟಸ್. 2005–06ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ವೈರಸ್ಸಿನ ಹೊರಕವಚದ ಒಂದೇ ಒಂದು ಅಮೈನೋ ಆಮ್ಲ (ಪ್ರೋಟೀನಿನ ಬಿಡಿ ಇಟ್ಟಿಗೆ) ಬದಲಾಗಿ ಅದು ಈ ಸೊಳ್ಳೆಗೆ ಚೆನ್ನಾಗಿ ಒಗ್ಗಿಕೊಂಡಿತು. 2007ರಲ್ಲಿ ಕೇರಳದಲ್ಲೂ ಅದೇ ರೂಪ ಕಂಡಿತು. ಬಟ್ಟಲುಗಳನ್ನು ಬೋರಲು ಹಾಕಿಸಿ, ಹಾಳೆ ಸೀಳಿ ಹಾಕಿ. ಈಡಿಸ್ ಕಚ್ಚುವುದು ಹಗಲಿನಲ್ಲಿ. ರೋಗಿಯ ರಕ್ತದಲ್ಲಿ ಮೊದಲ ವಾರ ವೈರಸ್ ಇರುವುದರಿಂದ ಆ ವಾರ ಹಗಲೂ ಸೊಳ್ಳೆಪರದೆಯೊಳಗೇ ಮಲಗಿಸಿ, ಇಲ್ಲವಾದರೆ ಮನೆಯ ಸೊಳ್ಳೆಯೇ ಉಳಿದವರಿಗೆ ಹಂಚುತ್ತದೆ.

ಪ್ರಶ್ನೆ: ಚಿಕನ್ ತಿಂದರೆ ಬರುತ್ತದೆಯೇ? ಒಮ್ಮೆ ಬಂದವರಿಗೆ ಮತ್ತೆ?
— ಓದುಗರು, ಕೋಲಾರ

ಉತ್ತರ: ಕೋಳಿಗೂ ಇದಕ್ಕೂ ಸಂಬಂಧವಿಲ್ಲ. ಹೆಸರು ತಾಂಜಾನಿಯದ ಮಕೊಂಡೆ ಭಾಷೆಯದು, ನೋವಿಗೆ ಮೈ ಬಗ್ಗಿಹೋಗುವುದು ಎಂಬರ್ಥ. ರೋಗವನ್ನು ಮೊದಲು ಗುರುತಿಸಿದ್ದು ಅಲ್ಲಿ, 1952ರಲ್ಲಿ. ಡೆಂಗಿಗೆ ನಾಲ್ಕು ಬಗೆ, ಹಾಗಾಗಿ ಮತ್ತೆ ಮತ್ತೆ ಬರಬಹುದು. ಚಿಕೂನ್‌ಗುನ್ಯಾ ಒಮ್ಮೆ ಬಂದರೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. 2006ರಲ್ಲಿ ರಾಜ್ಯದಲ್ಲಿ ಲಕ್ಷಗಟ್ಟಲೆ ಜನ ಮಲಗಿದ್ದರು. ಆಗ ಬಂದವರ ಹಳೆಯ ಗಂಟು ಈಗ ಊದಿದರೆ ಬೇರೆ ಕಾರಣ ಹುಡುಕಿಸಿ.